ಎಫ್‌ಸಿಗೆ ಬಣ್ಣ, ತಳದಲ್ಲಿ ತುಕ್ಕು

ಬಿಡದಿಯ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಕ್ವಾಲಿಸ್ ತಯಾರಿಕೆ ಶುರುವಾದದ್ದು 1999ರ ಡಿಸೆಂಬರಿನಲ್ಲಿ. ಐದು ವರ್ಷ ತುಂಬುವಷ್ಟರಲ್ಲಿ ಇನ್ನೋವಾಗೆ ಜಾಗ ಬಿಟ್ಟು ಅದು ನಿಂತುಹೋಯಿತು. ನಿಂತದ್ದು ತಯಾರಿಕೆ ಮಾತ್ರ, ಗಾಡಿಗಳು ಇನ್ನೂ ಓಡುತ್ತಲೇ ಇವೆ. ಬೆಂಗಳೂರಿನ ಟ್ರಾವೆಲ್ಸ್‌ನಲ್ಲಿ ಕೆಲವು ವರ್ಷ, ಮಂಗಳೂರಿನದೋ ಉಡುಪಿಯದೋ ಒಂದು ಮನೆಯಲ್ಲಿ ಕೆಲವು ವರ್ಷ ದುಡಿದು, ಮೂರು ನಾಲ್ಕು ಯಜಮಾನರನ್ನು ಕಂಡು, ಹುಟ್ಟಿದ ಜಿಲ್ಲೆಗೇ ಸೆಕೆಂಡ್ ಹ್ಯಾಂಡ್ ಆಗಿ ಮರಳುವ ಕ್ವಾಲಿಸ್‌ಗಳೂ ಇವೆ. ಬಿಡದಿ ಇರುವ ರಾಮನಗರ ಜಿಲ್ಲೆಯ ಹೆಸರು 2025ರಲ್ಲಿ ಬೆಂಗಳೂರು ದಕ್ಷಿಣ ಎಂದಾಯಿತು. ಗಾಡಿಗಳ ಮೇಲಿನ ಕೆಎ-42 ಹಾಗೇ ಇದೆ, ಅವುಗಳ ತಳದ ತುಕ್ಕೂ ಹಾಗೇ ಇದೆ.

2001ರಲ್ಲಿ ನೋಂದಣಿಯಾದ ಬಿಳಿ ಬೋರ್ಡಿನ ಗಾಡಿಯ ಲೆಕ್ಕ ತೆಗೆದುಕೊಳ್ಳಿ. ಮೊದಲ ಹದಿನೈದು ವರ್ಷದ ಆರ್‌ಸಿ 2016ಕ್ಕೆ ಮುಗಿಯುತ್ತದೆ. ಅಲ್ಲಿಂದ ಐದೈದು ವರ್ಷಕ್ಕೊಮ್ಮೆ ನವೀಕರಣ, ಅಂದರೆ 2021, ಆಮೇಲೆ 2026. ಪ್ರತಿ ಸಲವೂ ಫಾರಂ 25 ತುಂಬಿ, ಗಾಡಿಯನ್ನು ಆರ್‌ಟಿಒ ಮೈದಾನಕ್ಕೆ ಒಯ್ದು, ಊರಿನವರು ಇಂದಿಗೂ ‘ಬ್ರೇಕ್ ಇನ್‌ಸ್ಪೆಕ್ಟರ್’ ಎಂದೇ ಕರೆಯುವ ಮೋಟಾರು ವಾಹನ ನಿರೀಕ್ಷಕರ ಮುಂದೆ ನಿಲ್ಲಿಸಬೇಕು. ಹಳದಿ ಬೋರ್ಡಿನದಾದರೆ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ. ಕಾಗದದಲ್ಲಿ ಒಂದಕ್ಕೆ ನೋಂದಣಿ ನವೀಕರಣ ಎಂಬ ಹೆಸರು, ಇನ್ನೊಂದಕ್ಕೆ ಅರ್ಹತಾ ಪತ್ರ ಎಂಬ ಹೆಸರು. ಜನರ ಬಾಯಲ್ಲಿ ಎರಡೂ ಎಫ್‌ಸಿಯೇ.

ಈಗಷ್ಟೇ ಹಳೇ ಕಾರು ಕೊಂಡವನಿಗೆ ಈ ಎಫ್‌ಸಿ ಹತ್ತಿರ ಬಂದಾಗಲೇ ಗಾಡಿಯ ತುಕ್ಕು ಮೊದಲ ಸಲ ಕಣ್ಣಿಗೆ ಬೀಳುವುದು. ಕೊಳ್ಳುವಾಗ ಅವನು ಇಂಜಿನ್ ಸದ್ದು ಕೇಳಿದ್ದ, ಏಸಿ ಹಾಕಿ ನೋಡಿದ್ದ, ಟೈರಿನ ಬಟನ್ ಒತ್ತಿ ನೋಡಿದ್ದ. ಕೆಳಗೆ ಬಗ್ಗಿ ನೋಡಿರಲಿಲ್ಲ. ಹಳೇ ಕಾರು ಕೊಳ್ಳುವವರಲ್ಲಿ ಬಗ್ಗಿ ನೋಡುವವರು ಕಡಿಮೆ.

ಗಾಡಿ ಟಿಂಕರಿಂಗ್ ಶೆಡ್ಡಿಗೆ ಹೋಗುತ್ತದೆ. ಅನುಭವವಿರುವ ಮೇಸ್ತ್ರಿಯಾದರೆ ಕೇಳುವ ಮೊದಲ ಪ್ರಶ್ನೆ ಇದು: “ಅಣ್ಣ, ಎಫ್‌ಸಿ ಆದ್ರೆ ಸಾಕಾ, ಇಲ್ಲ ಗಾಡಿ ಇಟ್ಕೋತೀರಾ?” ಈ ಪ್ರಶ್ನೆಗೆ ಎರಡು ಉತ್ತರ, ಎರಡು ಥರದ ಕೆಲಸ, ಎರಡು ರೇಟು. ಬಹುಪಾಲು ಗಿರಾಕಿಗಳು ಮೊದಲನೆಯದನ್ನೇ ಆರಿಸಿಕೊಳ್ಳುತ್ತಾರೆ. ಅವರನ್ನು ದೂರಿ ಪ್ರಯೋಜನವಿಲ್ಲ. ಪರೀಕ್ಷೆ ಏನನ್ನು ಕೇಳುತ್ತದೋ ಅದಕ್ಕೆ ತಕ್ಕ ಉತ್ತರ ಬರೆಯುವುದು ಮನುಷ್ಯ ಸಹಜ. ತಪ್ಪು ಪ್ರಶ್ನೆಪತ್ರಿಕೆಯದು.

ಎಫ್‌ಸಿ ಆದರೆ ಸಾಕು ಎಂದವನ ಗಾಡಿಗೆ ನಡೆಯುವ ಕೆಲಸ ಇಷ್ಟು. ಬಾಗಿಲ ಕೆಳಗಿನ ಸಿಲ್ ಪಟ್ಟಿಯಲ್ಲಿ, ಹಿಂದಿನ ಚಕ್ರದ ಕಮಾನಿನಲ್ಲಿ ಗುಳ್ಳೆ ಎದ್ದ ಜಾಗವನ್ನು ಎಮರಿ ಪೇಪರಿನಲ್ಲಿ ಉಜ್ಜುತ್ತಾರೆ. ತೂತು ಕಂಡರೆ ಒಳಗೆ ತಂತಿ ಜಾಲರಿ ತುರುಕುತ್ತಾರೆ, ಫೈಬರ್ ಮ್ಯಾಟ್ ಅಂಟಿಸುತ್ತಾರೆ, ಕೆಲವು ಕಡೆ ಹಳೇ ಪೇಪರನ್ನೂ ಮಡಚಿ ಇಡುವುದುಂಟು. ಮೇಲೆ ಪುಟ್ಟಿ, ಪುಟ್ಟಿಯ ಮೇಲೆ ಪ್ರೈಮರ್, ಅದರ ಮೇಲೆ ಬಣ್ಣ. ತಳಕ್ಕೆ ಕಪ್ಪು ಕೋಟಿಂಗ್ ಒಂದು ಸುತ್ತು. ಎರಡು ದಿನದಲ್ಲಿ ಗಾಡಿ ಲಕಲಕ ಹೊಳೆಯುತ್ತದೆ. ಬ್ರೇಕ್ ಇನ್‌ಸ್ಪೆಕ್ಟರ್ ಮುಂದೆ ನಿಂತಾಗ ಹತ್ತು ವರ್ಷ ಚಿಕ್ಕದಾಗಿ ಕಾಣುತ್ತದೆ.

ಚನ್ನಪಟ್ಟಣದ ಗೊಂಬೆ ಮಾಡುವವರು ಹಾಲೆ ಮರವನ್ನು ತಿಂಗಳುಗಟ್ಟಲೆ ಒಣಗಿಸದೆ ಚರಕಿಗೆ ಹಾಕುವುದಿಲ್ಲ. ಹಸಿ ಮರದ ಮೇಲೆ ಎಷ್ಟು ಚೆನ್ನಾಗಿ ಅರಗು ಹಚ್ಚಿದರೂ ಒಳಗಿನ ಮರ ಬಿರಿದಾಗ ಬಣ್ಣವೂ ಬಿರಿಯುತ್ತದೆ ಎಂಬುದು ಅವರಿಗೆ ಗೊತ್ತು. ತುಕ್ಕಿನ ಮೇಲೆ ಬಳಿದ ಬಣ್ಣದ್ದೂ ಅದೇ ಪಾಡು, ಇನ್ನೂ ಸ್ವಲ್ಪ ಹೆಚ್ಚೇ. ಏಕೆಂದರೆ ತುಕ್ಕು ಸುಮ್ಮನೆ ಕೂರುವುದಿಲ್ಲ. ಕಬ್ಬಿಣ, ನೀರು, ಗಾಳಿಯ ಆಮ್ಲಜನಕ ಮೂರೂ ಸೇರಿದಾಗ ಹುಟ್ಟುವ ಈ ವಸ್ತು, ತಿಂದ ಕಬ್ಬಿಣಕ್ಕಿಂತ ಹಲವು ಪಟ್ಟು ಹೆಚ್ಚು ಜಾಗ ಬೇಡುತ್ತದೆ. ಅದಕ್ಕೇ ಬಣ್ಣ ಉಬ್ಬುವುದು, ಬೆಸುಗೆ ಹಾಕಿದ ಎರಡು ತಗಡುಗಳ ನಡುವೆ ಸೇರಿಕೊಂಡರೆ ಅವನ್ನೇ ಬಿಡಿಸಿಬಿಡುವುದು. ಪುಟ್ಟಿಯೂ ತೇವವನ್ನು ಹೀರುವ ಸ್ವಭಾವದ್ದು. ಒಂದು ಮಳೆಗಾಲ ಕಳೆದರೆ ಅದೇ ಜಾಗದಲ್ಲಿ ಅದೇ ಗುಳ್ಳೆ. ಆಗ ಒಳಗಿನ ತೂತು ಮಾತ್ರ ಮೊದಲಿಗಿಂತ ದೊಡ್ಡದಾಗಿರುತ್ತದೆ.

ಇನ್ನು ಪ್ರಶ್ನೆಪತ್ರಿಕೆಯ ವಿಷಯ. 1989ರ ಕೇಂದ್ರ ಮೋಟಾರು ವಾಹನ ನಿಯಮಾವಳಿಯ 62ನೇ ನಿಯಮದ ಜೊತೆಗೆ ಒಂದು ಪರೀಕ್ಷಾ ಪಟ್ಟಿ ಇದೆ. ಹೆಡ್‌ಲೈಟಿನ ಬೆಳಕು, ಉಳಿದ ದೀಪಗಳು, ರಿಫ್ಲೆಕ್ಟರ್, ಕನ್ನಡಿ, ಗಾಜು, ಹಾರ್ನ್, ಸೈಲೆನ್ಸರ್, ಡ್ಯಾಶ್‌ಬೋರ್ಡ್, ವೈಪರ್, ಹೊಗೆ, ಬ್ರೇಕ್, ಸ್ಪೀಡೋಮೀಟರ್, ಸ್ಟಿಯರಿಂಗ್, ಎಲ್ಲ ಅದರಲ್ಲಿವೆ. ಚಾಸಿಸ್ಸಿನ ತುಕ್ಕು ಎಂಬ ಸಾಲು ಮಾತ್ರ ಇಲ್ಲ. ಇದರ ತಮಾಷೆ ಏನೆಂದರೆ, ಸೈಲೆನ್ಸರಿನಲ್ಲಿ ತುಕ್ಕು ಹಿಡಿದು ತೂತಾದರೆ ಗಾಡಿ ಫೇಲು. ಅದೇ ಸೈಲೆನ್ಸರ್ ನೇತುಬಿದ್ದಿರುವ ತಳ ತೂತಾಗಿದ್ದರೆ ಕೇಳುವವರಿಲ್ಲ. ಗಾಡಿ ರಸ್ತೆಗೆ ಅಪಾಯ ಎನಿಸಿದರೆ ತಡೆಯುವ ಅಧಿಕಾರ ಇನ್‌ಸ್ಪೆಕ್ಟರಿಗೆ ಇದ್ದೇ ಇದೆ, ಸೂಕ್ಷ್ಮವಾಗಿ ನೋಡಿ ವಾಪಸ್ ಕಳಿಸುವವರೂ ಇದ್ದಾರೆ. ಆದರೆ ಗುಂಡಿ ಇಲ್ಲದ, ಲಿಫ್ಟ್ ಇಲ್ಲದ ಬಯಲಿನಲ್ಲಿ, ಸರತಿಯಲ್ಲಿ ನಿಂತ ಗಾಡಿಗಳ ನಡುವೆ, ಯಾವ ಅಧಿಕಾರಿ ಮಣ್ಣಿನ ಮೇಲೆ ಮಲಗಿ ಟಾರ್ಚ್ ಬಿಟ್ಟು ನೋಡಬೇಕು?

ಶುಲ್ಕದ ವಿಚಾರದಲ್ಲಿ ಮಾತ್ರ ಸರ್ಕಾರ ಹಿಂದೆ ಬಿದ್ದಿಲ್ಲ. ಹದಿನೈದು ವರ್ಷ ದಾಟಿದ ಕಾರಿನ ನೋಂದಣಿ ನವೀಕರಣಕ್ಕೆ 600 ರೂಪಾಯಿ ಇದ್ದದ್ದು 2022ರ ಏಪ್ರಿಲ್ 1ರಿಂದ 5,000 ಆಯಿತು. ಇಪ್ಪತ್ತು ವರ್ಷ ದಾಟಿದ್ದಕ್ಕೆ 2025ರ ಆಗಸ್ಟಿನಲ್ಲಿ 10,000 ಎಂದಾಯಿತು. ಹತ್ತು ಸಾವಿರ ಕಟ್ಟಿದವನಿಗೆ ತನ್ನ ಗಾಡಿಯ ತಳ ಹೇಗಿದೆ ಎಂದು ಒಂದು ಮಾತು ತಿಳಿಯುವ ಹಕ್ಕಾದರೂ ಇರಬೇಡವೇ?

ತುಕ್ಕಿನಿಂದ ಎಫ್‌ಸಿಗೆ ನೇರವಾಗಿ ಕುತ್ತು ಬರುವುದು, ಸೈಲೆನ್ಸರ್ ಬಿಟ್ಟರೆ, ಒಂದೇ ಒಂದು ಜಾಗದಲ್ಲಿ. ಅದು ಚಾಸಿಸ್ ನಂಬರು. ನಂಬರಿನ ಮೇಲೆ ಕಾಗದ ಇಟ್ಟು, ಪೆನ್ಸಿಲ್ಲಿನಿಂದ ಉಜ್ಜಿ ಅಚ್ಚು ತೆಗೆದು ಅರ್ಜಿಗೆ ಅಂಟಿಸುವುದು ಆರ್‌ಟಿಒ ಕಚೇರಿಯ ಹಳೇ ಪದ್ಧತಿ. ಈಗಿನ ಗಾಡಿಗಳಲ್ಲಿ ಅದು ಹದಿನೇಳು ಅಕ್ಷರ ಮತ್ತು ಅಂಕಿಗಳ ಸಾಲು. ಕೆಲವದರಲ್ಲಿ ಬಾನೆಟ್ ಒಳಗಿನ ಗೋಡೆಯ ಮೇಲೆ, ಕೆಲವದರಲ್ಲಿ ಸೀಟಿನ ಕೆಳಗೆ, ಫ್ರೇಮ್ ಇರುವ ಗಾಡಿಗಳಲ್ಲಿ ಚಕ್ರದ ಹತ್ತಿರ ಕೊರೆದಿರುತ್ತಾರೆ. ಆ ಜಾಗ ತುಕ್ಕು ತಿಂದು ‘3’ ಯಾವುದು ‘8’ ಯಾವುದು ಎಂದು ಗೊತ್ತಾಗದಂತಾದರೆ ಅರ್ಜಿ ಅಲ್ಲಿಗೇ ನಿಲ್ಲುತ್ತದೆ. ಅವಸರಕ್ಕೆ ಬಿದ್ದವರು ಇಲ್ಲಿ ಗ್ರೈಂಡರ್ ಹಿಡಿಯುತ್ತಾರೆ. ಅದಕ್ಕಿಂತ ಕೆಟ್ಟ ಕೆಲಸ ಇನ್ನೊಂದಿಲ್ಲ. ತುಕ್ಕಿನ ಜೊತೆ ನಂಬರೂ ಹೋಗುತ್ತದೆ, ಕದ್ದ ಗಾಡಿಯ ನಂಬರು ಅಳಿಸಿದರೇನೋ ಎಂಬ ಅನುಮಾನ ತಲೆಗೆ ಬರುತ್ತದೆ. ಸೀಮೆಎಣ್ಣೆಯನ್ನೋ ಡೀಸೆಲ್ಲನ್ನೋ ಬಟ್ಟೆಯಲ್ಲಿ ಅದ್ದಿ ನೆನೆಯಲು ಬಿಟ್ಟು, ಹಿತ್ತಾಳೆ ಬ್ರಷ್ಷಿನಿಂದ ಮೆಲ್ಲಗೆ ಉಜ್ಜಿ, ಸೀಮೆಸುಣ್ಣ ಸವರಿದರೆ ಎಷ್ಟೋ ಸಲ ಅಕ್ಷರ ಎದ್ದು ಕಾಣುತ್ತವೆ. ಕಂಡ ಮೇಲೆ ಒಂದು ಫೋಟೊ ತೆಗೆದು, ತೆಳ್ಳಗೆ ಗ್ರೀಸ್ ಬಳಿಯುವುದು. ಅಷ್ಟಕ್ಕೂ ಕಾಣದಿದ್ದರೆ ಮೊದಲು ಆರ್‌ಟಿಒಗೆ ಲಿಖಿತ ಅರ್ಜಿ. ಅನುಮತಿ ಇಲ್ಲದೆ ಮರು ಪಂಚಿಂಗ್ ಮಾಡಿಸುವ ಮಾತೇ ಇಲ್ಲ.

ರಾಮನಗರ, ಮಾಗಡಿ ಕಡೆಯದು ಒಣ ಬಯಲುಸೀಮೆ. ಸಮುದ್ರದ ಗಾಳಿ ಇಲ್ಲಿಗೆ ಬರುವುದಿಲ್ಲ. ಹಾಗಿದ್ದರೆ ಇಲ್ಲಿನ ಗಾಡಿಗಳಿಗೆ ಇಷ್ಟು ತುಕ್ಕು ಎಲ್ಲಿಂದ? ಒಂದು ಪಾಲು ನಂಬರ್ ಪ್ಲೇಟಿನಲ್ಲೇ ಬರೆದಿರುತ್ತದೆ. ಕೆಎ-19 ಮಂಗಳೂರು, ಕೆಎ-20 ಉಡುಪಿ, ಕೆಎ-30 ಕಾರವಾರ. ಉಪ್ಪು ಬೆರೆತ ತೇವ ವಿದ್ಯುತ್ತನ್ನು ಸುಲಭವಾಗಿ ಹರಿಯಗೊಡುವುದರಿಂದ ತುಕ್ಕಿನ ಕ್ರಿಯೆ ಬೇಗ ಸಾಗುತ್ತದೆ. ಕರಾವಳಿಯಲ್ಲಿ ಹತ್ತು ವರ್ಷ ಕಳೆದ ಗಾಡಿಯ ಕಿಲೋಮೀಟರ್ ಎಷ್ಟೇ ಕಡಿಮೆ ಇರಲಿ, ಅದರ ತಳದ ವಯಸ್ಸು ಬೇರೆ. ಒಂದೇ ಕೈಯಲ್ಲಿ ಓಡಿದ್ದು, ಡಾಕ್ಟರ್ ಇಟ್ಟುಕೊಂಡಿದ್ದ ಕಾರು ಎಂಬ ವರ್ಣನೆ ಫ್ಲೋರಿನ ತಗಡಿಗೆ ಅನ್ವಯಿಸುವುದಿಲ್ಲ.

ಇನ್ನೊಂದು ಪಾಲು ಊರಿನಲ್ಲೇ ಹುಟ್ಟಿದ್ದು. ಪೊಟ್ಯಾಷ್ ಗೊಬ್ಬರದ ಮೂಟೆ ಒಡೆದು ಓಮ್ನಿಯ ಮ್ಯಾಟ್ ಕೆಳಗೆ ಒಂದು ಹಿಡಿ ಚೆಲ್ಲಿದರೆ ಸಾಕು. ಮ್ಯೂರಿಯೇಟ್ ಆಫ್ ಪೊಟ್ಯಾಷ್ ಎಂದರೆ ಪೊಟ್ಯಾಸಿಯಂ ಕ್ಲೋರೈಡ್, ಸಮುದ್ರದ ಉಪ್ಪಿನ ಸೋದರ. ಅದು ಗಾಳಿಯ ತೇವ ಎಳೆದುಕೊಂಡು ಫ್ಲೋರನ್ನು ಸದ್ದಿಲ್ಲದೆ ತಿನ್ನುತ್ತದೆ. ಕೊಟ್ಟಿಗೆಯ ಪಕ್ಕದ ಶೆಡ್ಡಿನಲ್ಲಿ ನಿಲ್ಲುವ ಕಾರಿಗೆ ಗಂಜಲದ ಅಮೋನಿಯಾದ ಕಾಟ. ಕನಕಪುರ ಕಡೆಯ ಕಲ್ಲು ಕ್ವಾರಿಗಳ ಟಿಪ್ಪರ್ ಓಡಾಡುವ ರಸ್ತೆಯಲ್ಲಿ ದಿನಾ ಹೋಗಿಬರುವ ಗಾಡಿಗೆ ಜಲ್ಲಿಯ ಏಟು. ಚಕ್ರದ ಕಮಾನಿನೊಳಗಿನ ಕೋಟಿಂಗ್ ಚಕ್ಕೆ ಎದ್ದ ಕಡೆಯೆಲ್ಲ ಮೊದಲ ಮಳೆಗೇ ಕೆಂಪು ಚುಕ್ಕೆ ಮೂಡುತ್ತದೆ.

ಇವೆಲ್ಲಕ್ಕಿಂತ ದೊಡ್ಡದು 2022ರ ನೀರು. ಆ ವರ್ಷ ಆಗಸ್ಟ್ ಕೊನೆಯ ಮಳೆಗೆ ರಾಮನಗರದ ತಗ್ಗು ಬಡಾವಣೆಗಳು ಮುಳುಗಿದವು. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಸಂಗಬಸವನದೊಡ್ಡಿ ಬಳಿ ನೀರು ನಿಂತು ಕಾರು, ಬಸ್ಸುಗಳು ಮುಳುಗಿ ನಿಂತ ಚಿತ್ರಗಳನ್ನು ನಾಡೆಲ್ಲ ನೋಡಿತು. ವಾರ ಕಳೆಯುವುದರೊಳಗೆ, ಸೆಪ್ಟೆಂಬರ್ ಮೊದಲ ವಾರದಲ್ಲಿ, ಬೆಂಗಳೂರಿನ ಬೆಳ್ಳಂದೂರು, ಹೊರವರ್ತುಲ ರಸ್ತೆಯ ಸರದಿ. ನೆಲಮಾಳಿಗೆಗಳಲ್ಲಿ ಸಾಲಾಗಿ ನಿಂತಿದ್ದ ಕಾರುಗಳು ಚಾವಣಿಯವರೆಗೆ ಮುಳುಗಿದವು. ರಿಪೇರಿ ಖರ್ಚು ವಿಮೆಯ ಘೋಷಿತ ಮೌಲ್ಯದ ಶೇ 75 ದಾಟಿದರೆ ವಿಮೆಯ ಲೆಕ್ಕದಲ್ಲಿ ಆ ಗಾಡಿ ಪೂರ್ತಿ ನಷ್ಟ. ಆದರೆ ಲೋಹದ ಲೆಕ್ಕದಲ್ಲಿ ಅದು ಎಲ್ಲೂ ಮಾಯವಾಗುವುದಿಲ್ಲ. ಹರಾಜಿನಲ್ಲಿ ಯಾರೋ ಕೊಳ್ಳುತ್ತಾರೆ, ತೊಳೆಯುತ್ತಾರೆ, ಒಣಗಿಸುತ್ತಾರೆ, ಸೀಟು ಬದಲಿಸುತ್ತಾರೆ. ಎರಡು ಮೂರು ವರ್ಷ ಬಿಟ್ಟು, ಡೋರಿನ ಒಳಗೆ, ಸಿಲ್ ಪೆಟ್ಟಿಗೆಯ ಒಳಗೆ ನಿಂತ ಕೆಸರು ತನ್ನ ಕೆಲಸ ಮುಗಿಸುವ ಹೊತ್ತಿಗೆ ಗಾಡಿ ಇನ್ನೊಬ್ಬರ ಹೆಸರಿಗೆ ಆಗಿರುತ್ತದೆ.

ನೀರಿನಲ್ಲಿ ಮುಳುಗಿದ ಗಾಡಿಯನ್ನು ಹಿಡಿಯುವುದು ಅಷ್ಟೇನೂ ಕಷ್ಟವಲ್ಲ. ಸೀಟ್ ಬೆಲ್ಟನ್ನು ಪೂರ್ತಿ ಎಳೆದು ಕೊನೆಯ ಒಂದು ಅಡಿ ನೋಡಬೇಕು. ತೊಳೆಯುವವರು ಎಲ್ಲವನ್ನೂ ತೊಳೆದರೂ ಸುರುಳಿಯ ಒಳಗಿನ ಆ ತುದಿಯನ್ನು ಮರೆಯುತ್ತಾರೆ. ಅಲ್ಲಿ ಕೆಸರಿನ ಗೆರೆ ಸಿಕ್ಕೀತು. ಸೀಟಿನ ಹಳಿ, ಡ್ಯಾಶ್‌ಬೋರ್ಡ್ ಕೆಳಗಿನ ಸ್ಕ್ರೂ ತಲೆ, ಸ್ಟೆಪ್ನಿ ಇಡುವ ಗುಂಡಿ, ಇವು ತುಕ್ಕಾಗಿದ್ದರೆ ಮಳೆ ನೀರು ಅಲ್ಲಿಗೆ ತಾನಾಗಿ ಹೋಗುವುದಿಲ್ಲ ಎಂಬುದನ್ನು ನೆನಪಿಡಬೇಕು.

ಪುಟ್ಟಿ ಹಿಡಿಯಲು ಫ್ರಿಜ್ಜಿನ ಬಾಗಿಲಿಗೆ ಅಂಟಿಸುವ ಚಿಕ್ಕ ಅಯಸ್ಕಾಂತ ಸಾಕು. ತೆಳ್ಳಗಿನ ಬಟ್ಟೆಯಲ್ಲಿ ಸುತ್ತಿ ಬಾಗಿಲ ಕೆಳಅಂಚು, ಚಕ್ರದ ಕಮಾನು, ಸಿಲ್ ಉದ್ದಕ್ಕೂ ಸರಿಸುತ್ತಾ ಹೋದರೆ ತಗಡು ಇರುವ ಕಡೆ ಹಿಡಿಯುತ್ತದೆ, ಪುಟ್ಟಿ ಇರುವ ಕಡೆ ಜಾರುತ್ತದೆ. ಆಮೇಲೆ ಸ್ಕ್ರೂಡ್ರೈವರಿನ ಹಿಡಿ. ಮೇಸ್ತ್ರಿಗಳು ತಳವನ್ನು ತಟ್ಟುವ ಕ್ರಮ ನೋಡಿದರೆ ತಿಳಿಯುತ್ತದೆ. ಮುಂದಿನಿಂದ ಹಿಂದಕ್ಕೆ, ಗೇಣು ಗೇಣಿಗೆ ಒಂದೊಂದು ಏಟು. ಗಟ್ಟಿ ತಗಡು ಟಣ್ ಎನ್ನುತ್ತದೆ. ಟಣ್ ಟಣ್ ಎಂದು ಬರುತ್ತಿದ್ದದ್ದು ಒಂದು ಕಡೆ ಡಬ್ ಎಂದರೆ ಕೈ ಅಲ್ಲೇ ನಿಲ್ಲುತ್ತದೆ. ಸ್ಕ್ರೂಡ್ರೈವರ್ ತಿರುಗಿಸಿ ತುದಿಯಿಂದ ಒತ್ತಿದರೆ ಕಪ್ಪು ಕೋಟಿಂಗ್ ಮೇಣದ ಹಾಗೆ ಒಳಗೆ ಹೋಗುತ್ತದೆ, ಹಿಂದೆಯೇ ಕೆಂಪು ಹುಡಿ ಸುರಿಯುತ್ತದೆ. ಜಾಕ್ ಕೊಡುವ ಜಾಗ, ಸಸ್ಪೆನ್ಷನ್ ಬೋಲ್ಟು ಕೂರುವ ಜಾಗ, ಸೀಟ್ ಬೆಲ್ಟಿನ ಬುಡ, ಬ್ಯಾಟರಿ ಟ್ರೇ, ಈ ನಾಲ್ಕನ್ನು ಬಿಡದೆ ತಟ್ಟಬೇಕು. ಮಾರುವವನು ತಟ್ಟಲು ಬಿಡದಿದ್ದರೆ ಉತ್ತರ ಸಿಕ್ಕಿದಂತೆ.

ಎಲ್ಲಾ ತುಕ್ಕೂ ಒಂದೇ ಅಲ್ಲ ಎಂಬುದನ್ನೂ ಹೇಳಬೇಕು, ಇಲ್ಲದಿದ್ದರೆ ಕೆಂಪು ಕಂಡಲ್ಲೆಲ್ಲ ಹೆದರುವವರಿದ್ದಾರೆ. ಸೈಲೆನ್ಸರ್ ಪೈಪು, ಬ್ರೇಕ್ ಡಿಸ್ಕ್, ಆಕ್ಸಲ್ ಮೇಲಿನ ತೆಳು ಕೆಂಪು ಹೆಚ್ಚಿನ ಗಾಡಿಗಳಲ್ಲೂ ಇರುತ್ತದೆ. ಬಾನೆಟ್ಟಿನ ಮೇಲಿನ ಗುಳ್ಳೆ ಅಂದಗೇಡು, ಅಪಾಯವಲ್ಲ. ಕ್ವಾಲಿಸ್, ಹಳೇ ಇನ್ನೋವಾ, ಬೊಲೆರೊಗಳಿಗೆ ಬೇರೆಯೇ ಚಾಸಿಸ್ ಫ್ರೇಮ್ ಇದೆ. ಮೇಲಿನ ಬಾಡಿಯ ತಗಡು ಹೋದರೂ ಫ್ರೇಮ್ ಗಟ್ಟಿಯಿದ್ದರೆ ಗಾಡಿ ಉಳಿಯುತ್ತದೆ. ಆಲ್ಟೊ, ಸ್ವಿಫ್ಟ್, ಸ್ಯಾಂಟ್ರೊಗಳಲ್ಲಿ ಬಾಡಿಯೇ ಚಾಸಿಸ್ಸು. ಅವುಗಳ ಸಿಲ್ ತೂತಾದರೆ ಅದು ಬರೀ ತೂತಲ್ಲ, ಬೆನ್ನುಮೂಳೆಯ ಪೆಟ್ಟು. ಎಲ್ಲಕ್ಕಿಂತ ಮೊದಲು ನೋಡಬೇಕಾದದ್ದು ತಳದಲ್ಲಿ ಉದ್ದಕ್ಕೂ ಹಾದುಹೋಗುವ ಬ್ರೇಕಿನ ಕಬ್ಬಿಣದ ಪೈಪು. ಕ್ಲಿಪ್ಪಿನ ಕೆಳಗೆ ತೇವ ನಿಂತು ಅಲ್ಲೇ ಸವೆಯುತ್ತದೆ. ಮೈದಾನದಲ್ಲಿ ಹತ್ತು ಮೀಟರ್ ಓಡಿಸಿ ಬ್ರೇಕ್ ಒತ್ತಿದಾಗ ಹಿಡಿದ ಪೈಪು, ಎಕ್ಸ್‌ಪ್ರೆಸ್‌ವೇಯಲ್ಲಿ ಜೋರಾಗಿ ತುಳಿದಾಗ ಒಡೆಯಬಹುದು.

‘ಗಾಡಿ ಇಟ್ಕೋತೀನಿ’ ಎಂದವನಿಗೆ ಮಾಡುವ ಕೆಲಸ ನಿಧಾನದ್ದು. ಕೊಳೆತ ತಗಡನ್ನು ಗಟ್ಟಿ ಲೋಹ ಸಿಗುವವರೆಗೆ ಕತ್ತರಿಸಿ ತೆಗೆಯುವುದು, ಅದೇ ದಪ್ಪದ ಹೊಸ ತಗಡು ಮಡಚಿ ಕೂರಿಸುವುದು, ಸಿಓಟು ವೆಲ್ಡಿಂಗಿನಿಂದ ಸುತ್ತಲೂ ಬೆಸೆಯುವುದು. ಅದಕ್ಕೆ ಮೊದಲು ಬ್ಯಾಟರಿ ಬಿಚ್ಚಬೇಕು, ಮ್ಯಾಟ್ ಮತ್ತು ಅದರ ಕೆಳಗಿನ ಸ್ಪಂಜು ತೆಗೆಯಬೇಕು, ಪೆಟ್ರೋಲ್ ಪೈಪು ಎಲ್ಲಿ ಹಾದಿದೆ ನೋಡಬೇಕು. ಗ್ಯಾಸ್ ಕಿಟ್ ಇರುವ ಗಾಡಿಯಾದರೆ ಇನ್ನೂ ಎಚ್ಚರ. ಬೆಸೆದ ಮೇಲೆ ಎಪಾಕ್ಸಿ ಪ್ರೈಮರ್. ಊರಿನ ಶೆಡ್ಡುಗಳಲ್ಲಿ ಗೇಟಿಗೆ, ಗ್ರಿಲ್ಲಿಗೆ ಬಳಿಯುವ ರೆಡ್ ಆಕ್ಸೈಡನ್ನೇ ಕಾರಿಗೂ ಬಳಿಯುವ ರೂಢಿ ಇದೆ. ಏನೂ ಇಲ್ಲದ್ದಕ್ಕಿಂತ ವಾಸಿ, ಆದರೆ ತೇವವನ್ನು ತಡೆಯುವುದರಲ್ಲಿ ಎರಡು ಡಬ್ಬಿ ಬೆರೆಸಿ ಹಚ್ಚುವ ಎಪಾಕ್ಸಿಗೆ ಅದು ಸಮವಲ್ಲ. ಜೋಡಣೆಯ ಸಂದುಗಳಿಗೆ ಸೀಲಂಟ್, ಸಿಲ್ ಒಳಗೆ ನಳಿಕೆ ಬಿಟ್ಟು ಮೇಣದ ಸ್ಪ್ರೇ, ಕಪ್ಪು ಅಂಡರ್‌ಕೋಟಿಂಗ್ ಎಲ್ಲಕ್ಕಿಂತ ಕೊನೆಗೆ.

ಬಾಟಲಿಯಲ್ಲಿ ಸಿಗುವ ತುಕ್ಕು ಪರಿವರ್ತಕಗಳ ಬಗ್ಗೆ ಜನರಿಗೆ ಅತಿಯಾದ ನಂಬಿಕೆ. ಅವುಗಳಲ್ಲಿರುವುದು ಸಾಮಾನ್ಯವಾಗಿ ಫಾಸ್ಫಾರಿಕ್ ಆಮ್ಲ ಅಥವಾ ಟ್ಯಾನಿಕ್ ಆಮ್ಲ. ತೆಳು ತುಕ್ಕನ್ನು ಅವು ಗಟ್ಟಿಯಾದ ಕಪ್ಪು ಪದರವಾಗಿ ಮಾರ್ಪಡಿಸುತ್ತವೆ ನಿಜ. ಪದರ ಪದರವಾಗಿ ಎದ್ದ ದಪ್ಪ ತುಕ್ಕಿನ ಮೇಲೆ ಸುರಿದರೆ ಮೇಲಿನದಷ್ಟೇ ಕಪ್ಪಾಗುತ್ತದೆ, ಕೆಳಗಿನದು ಕೆಂಪಾಗಿಯೇ ಬೆಳೆಯುತ್ತದೆ. ಮೊದಲು ವೈರ್ ಬ್ರಷ್ಷು, ಆಮೇಲೆ ಬಾಟಲಿ. ಇನ್ನು ಸುಟ್ಟ ಇಂಜಿನ್ ಆಯಿಲ್ಲನ್ನು ತಳಕ್ಕೆ ಬಳಿಯುವ ಹಳೇ ಉಪಾಯ. ಲಾರಿಯವರಿಂದ ಕಾರಿನವರಿಗೂ ಬಂದಿದೆ. ನೀರು ತಡೆಯುತ್ತದೆ, ಸರಿ. ರಬ್ಬರ್ ಬುಷ್‌ಗಳನ್ನು ಉಬ್ಬಿಸಿ ಹಾಳು ಮಾಡುತ್ತದೆ, ಧೂಳು ಅಂಟಿಸಿಕೊಳ್ಳುತ್ತದೆ, ಮಳೆ ಬಂದಾಗ ತೊಟ್ಟಿಕ್ಕಿ ಕೆರೆಗೆ ಸೇರುತ್ತದೆ. ಅದರ ಮೇಲೆ ಮುಂದೆ ಯಾವ ಬಣ್ಣವೂ ನಿಲ್ಲುವುದಿಲ್ಲ.

ದುಡ್ಡೇ ಬೇಡದ ಒಂದು ಕೆಲಸವಿದೆ, ಅದನ್ನು ಮಾಡುವವರೇ ವಿರಳ. ಬಾಗಿಲುಗಳ ಕೆಳಅಂಚಿನಲ್ಲಿ, ಸಿಲ್ ಕೆಳಗೆ ನೀರು ಹೊರಹೋಗಲು ಕಂಪನಿಯವರೇ ಸಣ್ಣ ರಂಧ್ರ ಬಿಟ್ಟಿರುತ್ತಾರೆ. ಮಣ್ಣು ಕಟ್ಟಿ ಮುಚ್ಚಿದರೆ ಬಾಗಿಲು ನೀರಿನ ತೊಟ್ಟಿಯಾಗುತ್ತದೆ. ತಂತಿಯೊಂದನ್ನು ಬಿಟ್ಟು ಬಿಡಿಸಿದರೆ ಸಾಕು. ಹಾಸ್ಯವೆಂದರೆ ಕೆಲವು ಗಾಡಿಗಳಲ್ಲಿ ಅಂಡರ್‌ಕೋಟಿಂಗ್ ಮಾಡುವವರೇ ಈ ರಂಧ್ರಗಳ ಮೇಲೂ ಕಪ್ಪು ಹೊಡೆದು ಮುಚ್ಚಿರುತ್ತಾರೆ. ತುಕ್ಕು ತಡೆಯಲೆಂದು ಕೊಟ್ಟ ದುಡ್ಡು ತುಕ್ಕಿಗೇ ಸಂದಾಯ.

ಹೊರಗಿನ ಉದಾಹರಣೆಗಳು ಕೈಗೆಟುಕುವಂತಿವೆ. ಬ್ರಿಟನ್ನಿನಲ್ಲಿ 1960ರಿಂದ ಹಳೇ ಗಾಡಿಗಳಿಗೆ ಕಡ್ಡಾಯ ಪರೀಕ್ಷೆ ಇದೆ. ಅದರ ಇಂದಿನ ಕ್ರಮದಲ್ಲಿ ಬ್ರೇಕ್, ಸ್ಟಿಯರಿಂಗ್, ಸಸ್ಪೆನ್ಷನ್, ಸೀಟ್ ಬೆಲ್ಟ್ ಬಿಗಿದ ಜಾಗದಿಂದ 30 ಸೆಂಟಿಮೀಟರ್ ಒಳಗೆ ಭಾರ ಹೊರುವ ಲೋಹ ತುಕ್ಕಿನಿಂದ ಬಲ ಕಳೆದುಕೊಂಡಿದ್ದರೆ ಗಾಡಿ ಫೇಲು. ಅಲ್ಲಿ ಪುಟ್ಟಿ, ಫೈಬರ್ ತುಂಬಿ ಮುಚ್ಚಿದ್ದು ರಿಪೇರಿ ಎನಿಸಿಕೊಳ್ಳುವುದಿಲ್ಲ. ತಟ್ಟಿ ನೋಡುವುದಕ್ಕೆಂದೇ ಪರೀಕ್ಷಕನ ಕೈಯಲ್ಲಿ ಒಂದು ಸಾಧನ ಇರುತ್ತದೆ. ಅಂದರೆ ನಮ್ಮ ಮೇಸ್ತ್ರಿ ಸ್ಕ್ರೂಡ್ರೈವರ್ ಹಿಡಿಯಿಂದ ಮಾಡುವ ಕೆಲಸವನ್ನೇ ಅಲ್ಲಿ ಕಾನೂನು ಮಾಡಿಸುತ್ತದೆ. ಅಮೆರಿಕದಲ್ಲಿ ಟಕೋಮಾ, ಟಂಡ್ರಾ, ಸೆಕೋಯಾ ಗಾಡಿಗಳ ಫ್ರೇಮ್ ತುಕ್ಕು ಹಿಡಿದ ಮೊಕದ್ದಮೆಯಲ್ಲಿ ಟೊಯೋಟಾ 2016ರಲ್ಲಿ ಒಪ್ಪಿಕೊಂಡ ಇತ್ಯರ್ಥದ ಅಂದಾಜು ಮೌಲ್ಯ 340 ಕೋಟಿ ಡಾಲರ್. ಸುಮಾರು 15 ಲಕ್ಷ ಗಾಡಿಗಳ ತಳವನ್ನು ನೋಡಿ, ಬೇಕಾದದ್ದಕ್ಕೆ ಫ್ರೇಮನ್ನೇ ಬದಲಿಸಿಕೊಡುವ ಒಪ್ಪಂದ ಅದು. ಅಲ್ಲಿ ಚಳಿಗಾಲದ ರಸ್ತೆಗೆ ಉಪ್ಪು ಸುರಿಯುತ್ತಾರೆ, ಇಲ್ಲಿ ಸುರಿಯುವುದಿಲ್ಲ ಎಂಬ ವ್ಯತ್ಯಾಸ ಇದೆ. ತಳ ನೋಡದೆ ಗಾಡಿ ಗಟ್ಟಿಯೋ ಅಲ್ಲವೋ ಹೇಳಲಾಗದು ಎಂಬುದರಲ್ಲಿ ವ್ಯತ್ಯಾಸವಿಲ್ಲ.

ನಮ್ಮಲ್ಲೂ ಸ್ವಯಂಚಾಲಿತ ಪರೀಕ್ಷಾ ಕೇಂದ್ರಗಳ ನಿಯಮ 2021ರಲ್ಲೇ ಬಂದಿದೆ. ಬ್ರೇಕ್ ಎಷ್ಟು ಹಿಡಿಯುತ್ತದೆ, ದೀಪ ಎತ್ತ ಬೀಳುತ್ತದೆ, ಹೊಗೆ ಎಷ್ಟು ಎಂಬುದನ್ನು ಯಂತ್ರ ಅಳೆಯುತ್ತದೆ. ಯಂತ್ರಕ್ಕೆ ತುಕ್ಕು ಕಾಣದು. ಅದಕ್ಕೆ ಒಂದು ಗುಂಡಿ, ಒಂದು ದೀಪ, ತಟ್ಟಿ ನೋಡಲು ಗೊತ್ತಿರುವ ಒಬ್ಬ ಮನುಷ್ಯ ಬೇಕು. ಅಂಥವರಿಗೆ ಈ ಜಿಲ್ಲೆಯಲ್ಲಿ ಬರವೂ ಇಲ್ಲ. ಬಿಡದಿಯ ಟೊಯೋಟಾ ತಾಂತ್ರಿಕ ತರಬೇತಿ ಸಂಸ್ಥೆ 2007ರಿಂದ ಹಳ್ಳಿ ಹುಡುಗರಿಗೆ ವೆಲ್ಡಿಂಗ್, ಪೇಂಟಿಂಗ್ ಕಲಿಸುತ್ತಿದೆ. ತಗಡಿನ ಭಾಷೆ ಬಲ್ಲ ಮೇಸ್ತ್ರಿಗಳು ಜಿಲ್ಲೆಯ ಪಟ್ಟಣಗಳಲ್ಲಿದ್ದಾರೆ. ಪಟ್ಟಿಯಲ್ಲಿ ಒಂದು ಸಾಲು ಸೇರಿಸಿ, ಮೈದಾನದಲ್ಲಿ ಒಂದು ಗುಂಡಿ ತೋಡಿಸಿದರೆ ಅರ್ಧ ಪುಟ್ಟಿ ವ್ಯಾಪಾರ ತಾನಾಗಿ ನಿಲ್ಲುತ್ತದೆ. ಬಡವರ ಗಾಡಿ ಗುಜರಿಗೆ ಹೋಗುತ್ತದಲ್ಲ ಎಂಬ ಆಕ್ಷೇಪ ಬರುತ್ತದೆ. ಅದನ್ನು ತಳ್ಳಿಹಾಕುವಂತಿಲ್ಲ. ಫೇಲಾದ ಗಾಡಿಗೆ ವೆಲ್ಡಿಂಗ್ ಮಾಡಿಸಿ ಮತ್ತೆ ತರಲು ದಂಡವಿಲ್ಲದ ಅವಧಿ ಕೊಟ್ಟರೆ ಆ ದೂರು ಬಹುಪಾಲು ತೀರುತ್ತದೆ. ಈಗಂತೂ ಬಡವನೇ ಎರಡು ಸಲ ದುಡ್ಡು ಕೊಡುತ್ತಿದ್ದಾನೆ, ಒಮ್ಮೆ ಪುಟ್ಟಿಗೆ, ಮಳೆಗಾಲ ಕಳೆದ ಮೇಲೆ ತಗಡಿಗೆ.

ಮಾರುವವರ ಹೊಣೆ ಇನ್ನೊಂದು ಮಾತು. ಹಳೇ ವಾಹನದ ಡೀಲರುಗಳು ಆರ್‌ಟಿಒದಿಂದ ಅಧಿಕಾರ ಪತ್ರ ಪಡೆಯಬೇಕು, ಗಾಡಿ ಕೈಗೆ ಬಂದದ್ದನ್ನು ಫಾರಂ 29ಸಿಯಲ್ಲಿ ತಿಳಿಸಬೇಕು ಎಂಬ ನಿಯಮ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಗಾಡಿ ಯಾರ ಕೈಯಲ್ಲಿದೆ ಎಂಬುದಕ್ಕೆ ಅದು ಉತ್ತರ, ಹೇಗಿದೆ ಎಂಬುದಕ್ಕಲ್ಲ. ನೀರಿನಲ್ಲಿ ಮುಳುಗಿದ್ದು, ಫ್ಲೋರ್ ಬೆಸೆದದ್ದು, ವಿಮೆಯಲ್ಲಿ ಪೂರ್ತಿ ನಷ್ಟ ಎಂದು ಬರೆದದ್ದು, ಈ ಮೂರನ್ನು ಬರವಣಿಗೆಯಲ್ಲಿ ಹೇಳಿಯೇ ಮಾರಬೇಕು ಎಂದು ಅದೇ ಫಾರಮ್ಮಿಗೆ ಮೂರು ಸಾಲು ಸೇರಿಸುವುದು ದೊಡ್ಡ ವಿಷಯವೇನಲ್ಲ. ಡೀಲರ್ ಮುಚ್ಚಿಟ್ಟು ಮಾರಿದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಆಯೋಗಕ್ಕೆ ಹೋಗುವ ದಾರಿ ಇದೆ. ಪಕ್ಕದ ಬೀದಿಯವರಿಂದ ನೇರವಾಗಿ ಕೊಂಡವನಿಗೆ ಆ ದಾರಿಯೂ ಕಷ್ಟ. ವಿಮೆಯವರನ್ನು ಕೇಳುವಂತಿಲ್ಲ. ತುಕ್ಕು ಸವಕಳಿಯ ಲೆಕ್ಕಕ್ಕೆ ಸೇರುತ್ತದೆ, ಸವಕಳಿಗೆ ಪರಿಹಾರವಿಲ್ಲ.

ನಿಯಮ ಬದಲಾಗುವವರೆಗೆ ಕೊಳ್ಳುವವನ ಕೈಯಲ್ಲಿ ಇರುವುದು ದಿನಗಳ ಲೆಕ್ಕ ಒಂದೇ. ನೋಂದಣಿ ನವೀಕರಣಕ್ಕೆ ಅವಧಿ ಮುಗಿಯುವ 60 ದಿನ ಮೊದಲೇ ಅರ್ಜಿ ಹಾಕಬಹುದು. ಅವಧಿ ದಾಟಿದರೆ ಕಾರಿಗೆ ತಿಂಗಳಿಗೆ 500 ರೂಪಾಯಿ ದಂಡ. ತಗಡು ಕತ್ತರಿಸಿ, ಬೆಸೆದು, ಪ್ರೈಮರ್ ಒಣಗಿಸುವ ಕೆಲಸಕ್ಕೆ ಎರಡು ಮೂರು ವಾರ ಬೇಕು, ಮಳೆಗಾಲದಲ್ಲಿ ಇನ್ನೂ ಹೆಚ್ಚು. ಹತ್ತು ದಿನದ ಎಫ್‌ಸಿ ಉಳಿದ ಗಾಡಿಗೆ ‘ಎಫ್‌ಸಿ ನಾವೇ ಮಾಡಿಸಿಕೊಡ್ತೀವಿ’ ಎಂದು ಬ್ರೋಕರ್ ಹೇಳಿದಾಗ ಅವನು ಯಾವ ಥರದ ಕೆಲಸ ಮಾಡಿಸುತ್ತಾನೆ ಎಂಬುದು ಆ ಹತ್ತು ದಿನದಲ್ಲೇ ಇದೆ. ಆರ್‌ಸಿಯಲ್ಲಿ ಮೂರು ತಿಂಗಳಾದರೂ ಉಳಿದಿರುವ ಗಾಡಿಯನ್ನು ಹುಡುಕಿ, ತಳ ತಟ್ಟಿ ನೋಡಿ, ವೆಲ್ಡಿಂಗ್ ಖರ್ಚನ್ನು ಮೇಸ್ತ್ರಿಯಿಂದ ಮೊದಲೇ ಬರೆಸಿಕೊಂಡು, ಅಡ್ವಾನ್ಸ್ ಕೊಡುವ ಮುಂಚೆ ಆ ಚೀಟಿಯನ್ನು ಮಾರುವವನ ಮುಂದಿಟ್ಟರೆ ರೇಟಿನ ಮಾತು ಅಲ್ಲಿಂದ ಶುರುವಾಗುತ್ತದೆ.